ಕಾಯಿ ಬಿಡದ ಬಳ್ಳಿಯ ಲೆಕ್ಕ: ಕಿವಿ ತೋಟದಲ್ಲಿ ಪರಾಗಸ್ಪರ್ಶ ಮತ್ತು ನಿರ್ವಹಣೆ

ಭಾರತದಲ್ಲಿ ಕಿವಿ ಬೇಸಾಯದ ಚರ್ಚೆ ಬಹುಮಟ್ಟಿಗೆ ಎರಡೇ ಪ್ರಶ್ನೆಗಳ ಸುತ್ತ ಗಿರಕಿ ಹೊಡೆಯುತ್ತದೆ. ಎಷ್ಟು ಗಂಟೆ ಚಳಿ ಬೇಕು, ಎಷ್ಟು ಹೆಕ್ಟೇರಿಗೆ ಬೆಳೆ ಹಬ್ಬಿತು. ಎರಡೂ ಬೇಕಾದ ಪ್ರಶ್ನೆಗಳೇ. ಆದರೆ ಚಳಿ ಸಿಕ್ಕ ಜಾಗದಲ್ಲೂ ಒಂದು ತೋಟ ನೂರು ಗ್ರಾಂ ತೂಗುವ ಹಣ್ಣು ಕೊಡುತ್ತದೆ, ಪಕ್ಕದ ತೋಟ ಅದರರ್ಧ ತೂಕದ ಹಣ್ಣು ಕೊಡುತ್ತದೆ. ಚಳಿಯ ಗಂಟೆಗಳನ್ನು ಎಣಿಸಿದರೆ ಈ ಅಂತರದ ಕಾರಣ ಸಿಗುವುದಿಲ್ಲ. ಅದನ್ನು ಹುಡುಕಬೇಕಾದದ್ದು ಹೂ ಅರಳುವ ಒಂದೆರಡು ವಾರಗಳಲ್ಲಿ, ಅದರಲ್ಲೂ ಗಂಡು ಬಳ್ಳಿಯ ನಿರ್ವಹಣೆಯಲ್ಲಿ ಎಂಬುದು ಈ ಲೇಖನದ ವಾದ.

ಕಿವಿಯಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಹೆಣ್ಣು ಹೂವಿನಲ್ಲೂ ಕೇಸರಗಳಿರುತ್ತವೆ, ಪರಾಗವೂ ಉದುರುತ್ತದೆ. ಆದರೆ ಆ ಪರಾಗಕ್ಕೆ ಜೀವವಿರುವುದಿಲ್ಲ. ಈ ಬೆಳೆಯ ವಾಣಿಜ್ಯ ಚರಿತ್ರೆಯನ್ನೇ ಇದು ತಿರುಗಿಸಿತು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಚೀನಾದ ಯಾಂಗ್ತ್ಸೆ ಕಣಿವೆಯ ಬೀಜ ಬ್ರಿಟನ್ನಿಗೂ ಅಮೆರಿಕಕ್ಕೂ ಹೋಗಿತ್ತು. ಅಲ್ಲಿ ಬಳ್ಳಿಗಳು ಹುಲುಸಾಗಿ ಬೆಳೆದು ಹೂಬಿಟ್ಟವು, ಆದರೆ ಎಲ್ಲ ಗಂಡಾಗಿದ್ದುದರಿಂದ ಕಾಯಿ ಕಟ್ಟಲಿಲ್ಲ. ಅದೇ ಕಾಲದಲ್ಲಿ, 1904ರಲ್ಲಿ, ವಾಂಗನುಯಿಯ ಬಾಲಕಿಯರ ಶಾಲೆಯ ಮುಖ್ಯೋಪಾಧ್ಯಾಯಿನಿ ಇಸಬೆಲ್ ಫ್ರೇಸರ್ ಚೀನಾದಿಂದ ನ್ಯೂಜಿಲೆಂಡಿಗೆ ಒಯ್ದ ಬೀಜದಿಂದ ಎದ್ದ ಗಿಡಗಳು 1910ರಲ್ಲಿ ಹಣ್ಣು ಬಿಟ್ಟವು. ಆ ದೇಶದ ಕಿವಿ ಉದ್ಯಮದ ಮೂಲವನ್ನು ಎರಡು ಹೆಣ್ಣು, ಒಂದು ಗಂಡು ಗಿಡಕ್ಕೆ ಕೊಂಡೊಯ್ಯುತ್ತಾರೆ. ಆಕ್ಲೆಂಡ್ ಬಳಿಯ ಏವಂಡೇಲಿನಲ್ಲಿ ನರ್ಸರಿ ನಡೆಸುತ್ತಿದ್ದ ಹೇವರ್ಡ್ ರೈಟ್ ಆರಿಸಿದ ಹೆಣ್ಣು ತಳಿ ಅವರ ಹೆಸರಿನಲ್ಲೇ ಲೋಕವಿಖ್ಯಾತವಾಯಿತು. ಅದಕ್ಕೆ ಜೋಡಿಯಾದ ಗಂಡು ತಳಿಗಳಾದ ಮಟುವಾ, ಟೊಮೂರಿಗಳ ಹೆಸರು ಹಣ್ಣು ತಿನ್ನುವವರ ಕಿವಿಗೆ ಬೀಳುವುದೇ ಇಲ್ಲ.

ಹೂವಿನೊಳಗೆ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹೆಣ್ಣು ಹೂವಿನ ನಡುವೆ ಮೂವತ್ತು ನಲವತ್ತು ಶಲಾಕೆಗಳು ಚಕ್ರದ ಅರಗಳಂತೆ ಹರಡಿರುತ್ತವೆ. ಒಳ್ಳೆಯ ಗಾತ್ರದ ಹಣ್ಣಿನಲ್ಲಿ ಸಾವಿರದಷ್ಟು, ಕೆಲವೊಮ್ಮೆ ಅದಕ್ಕೂ ಮೀರಿ ಬೀಜಗಳಿರುತ್ತವೆ. ಬೀಜ ಹೆಚ್ಚಿದಷ್ಟೂ ಹಣ್ಣಿನ ತೂಕ ಏರುತ್ತದೆ. ಸಾವಿರ ಬೀಜ ಕಟ್ಟಲು ಅದಕ್ಕೂ ಹೆಚ್ಚಿನ ಜೀವಂತ ಪರಾಗಕಣಗಳು ಕೆಲವೇ ದಿನಗಳಲ್ಲಿ ಈ ಶಲಾಕೆಗಳಿಗೆ ಮುಟ್ಟಬೇಕು. ಮುಟ್ಟಿಸುವ ಜೇನುಹುಳಕ್ಕೋ ಅಲ್ಲಿ ಸಿಗುವ ಲಾಭ ಕಡಿಮೆ, ಏಕೆಂದರೆ ಕಿವಿ ಹೂವಿನಲ್ಲಿ ಮಕರಂದವಿಲ್ಲ, ಪರಾಗವೊಂದೇ ಅದರ ಕೂಲಿ. ಬದಿಯ ಹೊಲದಲ್ಲಿ ಮಕರಂದವಿರುವ ಹೂವು ಅರಳಿದ್ದರೆ ಅದು ಅತ್ತ ಹಾರಿಬಿಡುತ್ತದೆ. ಆದ್ದರಿಂದಲೇ ನ್ಯೂಜಿಲೆಂಡಿನಲ್ಲಿ ಹೆಕ್ಟೇರಿಗೆ ಎಂಟರಷ್ಟು ಜೇನುಪೆಟ್ಟಿಗೆಗಳನ್ನು ಬಾಡಿಗೆಗೆ ತರುತ್ತಾರೆ. ಅವನ್ನು ಹೂ ಅರಳತೊಡಗಿದ ಮೇಲೆಯೇ ಇಳಿಸುತ್ತಾರೆ, ಪೆಟ್ಟಿಗೆಯೊಳಗೇ ಸಕ್ಕರೆ ಪಾಕ ಇಡುತ್ತಾರೆ. ಮಕರಂದದ ಚಿಂತೆ ತೀರಿದ ಹುಳ ಪರಾಗ ಹುಡುಕಿಕೊಂಡು ಹೊರಡುತ್ತದೆ.

ಇನ್ನು ಜಾಗದ ಲೆಕ್ಕ. ಸಾಲಿನಿಂದ ಸಾಲಿಗೆ ಆರು ಮೀಟರ್, ಬಳ್ಳಿಯಿಂದ ಬಳ್ಳಿಗೆ ನಾಲ್ಕು ಮೀಟರ್ ಬಿಟ್ಟರೆ ಹೆಕ್ಟೇರಿಗೆ 416 ಬಳ್ಳಿಗಳು ಕೂರುತ್ತವೆ. ಎಂಟು ಹೆಣ್ಣಿಗೆ ಒಂದು ಗಂಡು ಎಂಬ ರೂಢಿಯಂತೆ ಅದರಲ್ಲಿ 46 ಬಳ್ಳಿಗಳು ಚಪ್ಪರ, ನೀರು, ಗೊಬ್ಬರ ಎಲ್ಲವನ್ನೂ ಪಡೆದು ಒಂದು ಕಾಯನ್ನೂ ಕೊಡುವುದಿಲ್ಲ. ಪಪ್ಪಾಯಿಯಲ್ಲಿ ಹೆಚ್ಚಿನ ಗಂಡು ಗಿಡಗಳನ್ನು ಕಂಡೊಡನೆ ಕೀಳುವುದು ನಮ್ಮ ರೈತರ ವಾಡಿಕೆ. ಸಣ್ಣ ಹಿಡುವಳಿಯ ಗುಡ್ಡಗಾಡಿನ ಬೆಳೆಗಾರನಿಗೂ ಅದೇ ಆಸೆ ಹುಟ್ಟಿದರೆ ತಪ್ಪೇನಿಲ್ಲ. ನ್ಯೂಜಿಲೆಂಡಿನ ತೋಟಗಳು ಇದಕ್ಕೆ ಕಂಡುಕೊಂಡ ಪರಿಹಾರ ಗಂಡು ಬಳ್ಳಿಯ ಸಂಖ್ಯೆ ಇಳಿಸುವುದಲ್ಲ, ಅದರ ಆಕಾರ ಬದಲಿಸುವುದು. ಗಂಡು ಬಳ್ಳಿಯನ್ನು ಚಪ್ಪರದ ಮೇಲೆ ಕಿರಿದಾದ ಪಟ್ಟಿಯಾಗಿ ಹಬ್ಬಿಸಿದರೆ ಅದು ಕಡಿಮೆ ಜಾಗದಲ್ಲಿ ಹೆಚ್ಚು ಹೆಣ್ಣು ಹೂಗಳ ನೆರೆಯಲ್ಲಿರುತ್ತದೆ. ಚಾಟನಿಯ ಕಾಲವೂ ಬೇರೆ. ಹೆಣ್ಣು ಬಳ್ಳಿಗೆ ಮುಖ್ಯ ಚಾಟನಿ ಚಳಿಗಾಲದಲ್ಲಿ, ಬಳ್ಳಿ ನಿದ್ದೆಯಲ್ಲಿರುವಾಗ. ತಡಮಾಡಿದರೆ ಕಡಿದ ಬಾಯಿಂದ ರಸ ಸುರಿಯುತ್ತದೆ. ಗಂಡು ಬಳ್ಳಿಯನ್ನು ಚಳಿಗಾಲದಲ್ಲಿ ಹಗುರವಾಗಿ ಸವರಿ, ಹೂ ಮುಗಿದ ಕೂಡಲೇ ಬಲವಾಗಿ ಕತ್ತರಿಸಬೇಕು. ಒಂದೇ ದಿನ ಎರಡನ್ನೂ ಒಂದೇ ಹದದಲ್ಲಿ ಕತ್ತರಿಸುವ ಕೂಲಿಯಾಳು ಮುಂದಿನ ವರ್ಷದ ಪರಾಗವನ್ನೇ ನೆಲಕ್ಕೆ ಕೆಡವಿರುತ್ತಾನೆ.

ಚಳಿಯ ಪ್ರಶ್ನೆಯೂ ಇಲ್ಲಿಗೇ ಬಂದು ಸೇರುತ್ತದೆ. ಭಾರತದಲ್ಲಿ ಕಿವಿ ಬಳ್ಳಿಯನ್ನು ಮೊದಲು ನೆಟ್ಟದ್ದು ಬೆಂಗಳೂರಿನ ಲಾಲ್‌ಬಾಗಿನಲ್ಲಿ. ಬೆಂಗಳೂರಿನ ಚಳಿ ಮೈಗೆ ಹಿತ, ಆದರೆ ಆ ಬಳ್ಳಿಗೆ ಸಾಲದು. ಅಲ್ಲಿ ಅದು ಫಲ ಕೊಡಲಿಲ್ಲ. 1963ರಲ್ಲಿ ಶಿಮ್ಲಾದ ಫಾಗ್ಲಿಯ ಕೇಂದ್ರದಲ್ಲಿ ನೆಟ್ಟ ಬಳ್ಳಿಗಳು 1969ರಲ್ಲಿ ಹಣ್ಣು ಕೊಟ್ಟವು. ಚಳಿ ಕೊರತೆಯಾದರೆ ಮೊಗ್ಗು ಕಡಿಮೆಯಾಗುವುದಷ್ಟೇ ಅಲ್ಲ, ಹೂ ಅರಳುವ ಅವಧಿಯೂ ಎಳೆದಾಡುತ್ತದೆ, ಗಂಡು ಹೆಣ್ಣಿನ ಹೂಗಾಲ ಹೊಂದುವುದಿಲ್ಲ. ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಚಿರಪರಿಚಿತವಾದ ಹೈಡ್ರೋಜನ್ ಸಯನಮೈಡ್ ಅನ್ನು ನ್ಯೂಜಿಲೆಂಡಿನವರು ಕಿವಿಗೆ ಸಿಂಪಡಿಸುವುದು ಮೊಗ್ಗು ಹೆಚ್ಚಿಸುವುದಕ್ಕೂ ಹೌದು, ಹೂವನ್ನೆಲ್ಲ ಒಟ್ಟಿಗೆ ಅರಳಿಸುವುದಕ್ಕೂ ಹೌದು. ಅದು ವಿಷಕಾರಿ ರಾಸಾಯನಿಕ. 2020ರಲ್ಲಿ ಸಾವಯವ ದೃಢೀಕರಣ ಪಡೆದ ಅರುಣಾಚಲದ ಜೀರೋ ಕಣಿವೆಯ ಕಿವಿಗೆ ಆ ದಾರಿ ಮುಚ್ಚಿದೆ. ಅಲ್ಲಿ ಸರಿಯಾದ ಗಂಡು ತಳಿಯ ಆಯ್ಕೆಗೆ ಬೇರೆ ಬದಲಿಯಿಲ್ಲ.

ಜೇನು ಸಾಲದಿದ್ದಾಗ ಉಳಿದದ್ದು ಕೈ. ಅರಳಿದ ಗಂಡು ಹೂವೊಂದನ್ನು ಕಿತ್ತು ಐದಾರು ಹೆಣ್ಣು ಹೂಗಳ ಶಲಾಕೆಗೆ ಸವರುವ ಕೆಲಸ ಸಣ್ಣ ತೋಟಕ್ಕೆ ಸರಿ. ದೊಡ್ಡ ತೋಟದವರು ಪರಾಗವನ್ನು ಕೊಂಡು, ಯಂತ್ರದಿಂದ ಊದುತ್ತಾರೆ. ಕೊಂಡ ಪರಾಗಕ್ಕೆ ತೆತ್ತ ಬೆಲೆ ಎಷ್ಟಿರಬಹುದು ಎಂಬುದಕ್ಕೆ ನ್ಯೂಜಿಲೆಂಡೇ ನಿದರ್ಶನ. 2010ರ ನವೆಂಬರಿನಲ್ಲಿ ಟೆ ಪುಕೆಯ ತೋಟದಲ್ಲಿ ಪಿಎಸ್ಎ ಎಂಬ ಬ್ಯಾಕ್ಟೀರಿಯಾ ರೋಗ ಕಾಣಿಸಿಕೊಂಡಿತು. ಹಾರ್ಟ್16ಎ ಎಂಬ ಹಳದಿ ತಿರುಳಿನ ತಳಿಯನ್ನು ಬೆಳೆಗಾರರು ಕಡಿದು ಹಾಕಿ, ರೋಗ ತಾಳಿಕೊಳ್ಳುವ ಗೋಲ್ಡ್3 ಕಸಿ ಕಟ್ಟಬೇಕಾಯಿತು. 2009ರಲ್ಲಿ ಚೀನಾದಿಂದ ಬರಲು ಬಿಟ್ಟ ಪರಾಗದೊಡನೆ ರೋಗವೂ ಬಂತೆಂದು ಬೆಳೆಗಾರರು ಸರ್ಕಾರದ ಮೇಲೆ ದಾವೆ ಹೂಡಿದರು. 2018ರಲ್ಲಿ ಹೈಕೋರ್ಟು ನಿರ್ಲಕ್ಷ್ಯವನ್ನು ಎತ್ತಿಹಿಡಿಯಿತು, 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಸರ್ಕಾರಕ್ಕೆ ಕಾನೂನಿನ ಹೊಣೆಯಿಲ್ಲವೆಂದಿತು, 2021ರಲ್ಲಿ ನಾಲ್ಕು ಕೋಟಿ ನ್ಯೂಜಿಲೆಂಡ್ ಡಾಲರಿಗೆ ರಾಜಿಯಾಯಿತು. ತೋಟದಲ್ಲೇ ಸಾಕಷ್ಟು ಗಂಡು ಬಳ್ಳಿಗಳನ್ನು ಉಳಿಸಿಕೊಳ್ಳುವುದನ್ನು ರೋಗತಡೆಯ ಕ್ರಮವೆಂದೂ ಎಣಿಸಬೇಕೆನ್ನಲು ಈ ಪ್ರಕರಣ ಸಾಕು.

ಈ ವಾದವನ್ನು ಪರೀಕ್ಷಿಸಲು ಬೇಕಾದ ಸಾಕ್ಷ್ಯ ದುಬಾರಿಯದೇನಲ್ಲ. ಕೊಯ್ಲಿನ ಹೊತ್ತಿಗೆ ಹಣ್ಣನ್ನು ಅಡ್ಡಡ್ಡ ಕೊಯ್ದರೆ ಬೀಜದ ಉಂಗುರ ಕಾಣುತ್ತದೆ. ಉಂಗುರದ ಒಂದು ಬದಿ ಬರಿದಾಗಿದ್ದರೆ ಆ ಬದಿಯ ಶಲಾಕೆಗಳಿಗೆ ಪರಾಗ ಸಾಲಲಿಲ್ಲವೆಂದು ತಿಳಿಯಬಹುದು. ಹೆಚ್ಚಿನಂಶ ಹಣ್ಣೂ ಅತ್ತಲೇ ಚಪ್ಪಟೆಯಾಗಿರುತ್ತದೆ. ಹೀಗೆ ಕೊಯ್ದ ಹಣ್ಣುಗಳ ಬೀಜಸಂಖ್ಯೆಯನ್ನು ಅವು ತೂಗುತ್ತಿದ್ದ ಬಳ್ಳಿಗೂ ಹತ್ತಿರದ ಗಂಡು ಬಳ್ಳಿಗೂ ನಡುವಿನ ಅಂತರದೊಡನೆ ಇಟ್ಟು ನೋಡಿದರೆ, ಎಂಟಕ್ಕೊಂದು ಎಂಬ ರೂಢಿ ಹಿಮಾಚಲದ ಇಳಿಜಾರಿಗೂ ಜೀರೋದ ಬಯಲಿಗೂ ಒಂದೇ ತೆರನಾಗಿ ಹೊಂದುತ್ತದೆಯೇ ಎಂದು ಪರೀಕ್ಷಿಸಬಹುದು. ವಿಸ್ತೀರ್ಣದ ಅಂಕಿಯೊಡನೆ ಗಂಡು ಬಳ್ಳಿಗಳ ಸಂಖ್ಯೆ ಮತ್ತು ತಳಿಯನ್ನೂ ತೋಟಗಾರಿಕೆಯ ದಾಖಲೆಗಳಲ್ಲಿ ನಮೂದಿಸತೊಡಗಿದರೆ ಈ ಪರೀಕ್ಷೆಯನ್ನು ನೂರಾರು ತೋಟಗಳಿಗೆ ವಿಸ್ತರಿಸಲು ಅಡ್ಡಿಯಿಲ್ಲ.