ಕೆಂಟಕಿಯ ಬೆಳದಿಂಗಳ ಶಾಲೆಗಳು ಮತ್ತು ಮೌಖಿಕ ಪರಂಪರೆ

ಅಮೆರಿಕದಲ್ಲಿ ಪ್ರೌಢಶಾಲಾ ಸಮಾನತಾ ಪರೀಕ್ಷೆಗಳು ಸೈನಿಕರಿಗಾಗಿ ರೂಪುಗೊಂಡದ್ದು 1942ರಲ್ಲಿ. ಅದಕ್ಕೂ ಮೂರು ದಶಕ ಮೊದಲೇ ಕೆಂಟಕಿಯ ಗುಡ್ಡಗಾಡಿನ ರೋವನ್ ಕೌಂಟಿಯಲ್ಲಿ ವಯಸ್ಕರ ಉಚಿತ ಶಿಕ್ಷಣ ಮೊದಲಾಗಿತ್ತು. ಶಾಲಾ ಅಧೀಕ್ಷಕಿ ಕೋರಾ ವಿಲ್ಸನ್ ಸ್ಟೂವರ್ಟ್ 1911ರ ಸೆಪ್ಟೆಂಬರ್ 5ರಂದು ರಾತ್ರಿ ಶಾಲೆಗಳನ್ನು ತೆರೆದರು. ಹಗಲು ಮಕ್ಕಳಿಗೆ ಕಲಿಸಿದ ಶಿಕ್ಷಕರೇ ರಾತ್ರಿ ಸಂಭಾವನೆಯಿಲ್ಲದೆ ಹಿರಿಯರಿಗೆ ಕಲಿಸಿದರು. ದಾರಿಗಳು ದುರ್ಗಮವಾದುದರಿಂದ ಬೆಳದಿಂಗಳ ರಾತ್ರಿಗಳನ್ನೇ ಆರಿಸಿಕೊಳ್ಳಲಾಯಿತು. ಶಾಲೆಗಳ ಹೆಸರು ಕವಿಕಲ್ಪನೆಯಿಂದ ಬಂದುದಲ್ಲ. 150 ಮಂದಿಯನ್ನು ನಿರೀಕ್ಷಿಸಿದ್ದಲ್ಲಿ ಸುಮಾರು 1,200 ಮಂದಿ ಬಂದರು. ಮಕ್ಕಳ ಪಠ್ಯ ಹಿರಿಯರಿಗೆ ಮುಜುಗರ ತಂದೀತೆಂದು ಊರಿನ ಸುದ್ದಿಯ ಪುಟ್ಟ ಪತ್ರಿಕೆಯನ್ನೇ ಪಠ್ಯವಾಗಿಸಲಾಯಿತು.

ಜಾನಪದ ಅಧ್ಯಯನದ ದೃಷ್ಟಿಯಿಂದ ಮುಖ್ಯವಾದುದು ಈ ಪ್ರಯತ್ನದ ಹಿಂದಿನ ಒಂದು ಪ್ರೇರಣೆ. ಲಾವಣಿ ಕಟ್ಟುತ್ತಿದ್ದ ಅನಕ್ಷರಸ್ಥ ಯುವಕನೊಬ್ಬ, ಬರೆದುಕೊಳ್ಳುವವರು ಬರುವ ಮೊದಲೇ ತನ್ನ ಎಷ್ಟೋ ಹಾಡುಗಳು ಮರೆತುಹೋದವೆಂದು ಹೇಳಿಕೊಂಡುದನ್ನು ಸ್ಟೂವರ್ಟ್ ದಾಖಲಿಸಿದ್ದಾರೆ. ಅಕ್ಷರವು ಮೌಖಿಕ ಪರಂಪರೆಯನ್ನು ಅಳಿಸುತ್ತದೆಂಬ ವಾದ ವಿದ್ವತ್ ವಲಯದಲ್ಲಿ ಪರಿಚಿತವೇ. ಆ ವಾದದಲ್ಲಿ ಕಟ್ಟಿದವನ ಈ ನಷ್ಟಕ್ಕೆ ಸ್ಥಾನವಿಲ್ಲ. ಸಂಗ್ರಹಕಾರರು ಬಂದಿದ್ದರೂ ಆತನಿಗೆ ನೆರವಾಗುತ್ತಿದ್ದರೆಂದು ಹೇಳುವಂತಿಲ್ಲ: 1917ರಲ್ಲಿ ಕೆಂಟಕಿಗೆ ಬಂದ ಸೆಸಿಲ್ ಶಾರ್ಪ್ ಮುಖ್ಯವಾಗಿ ಅರಸಿದ್ದು ಇಂಗ್ಲೆಂಡಿನಿಂದ ಉಳಿದುಬಂದ ಹಳೆಯ ಲಾವಣಿಗಳನ್ನು, ಹೊಸದಾಗಿ ಕಟ್ಟಿದವುಗಳನ್ನಲ್ಲ.