ಕೊಳದ ಲೆಕ್ಕ: ಮಹಾವೀರಾಚಾರ್ಯರ ಬೋಧನಕ್ರಮ

ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿ ಗಾಣಿಗಿತ್ತಿ ಬಸದಿಯಿದೆ. ಎರಡನೆಯ ಹರಿಹರನ ದಂಡನಾಯಕ ಇರುಗಪ್ಪನು ಕುಂಥುನಾಥ ತೀರ್ಥಂಕರರಿಗಾಗಿ ಅದನ್ನು ಕಟ್ಟಿಸಿದನೆಂದು ಎದುರಿನ ಕಂಬದ 1385ರ ಶಾಸನ ತಿಳಿಸುತ್ತದೆ. ಹಂಪೆಯ ಪರಿಸರದಲ್ಲಿ ಜೈನರ ಕೊಡುಗೆಯೆಂದರೆ ಇಂತಹ ಬಸದಿಗಳೂ ಶಾಸನಗಳೂ ನೆನಪಾಗುತ್ತವೆ, ಗಣಿತ ನೆನಪಾಗುವುದಿಲ್ಲ. ಆದರೆ ಕನ್ನಡ ನಾಡಿನ ಜೈನಪರಂಪರೆಯ ಬಹುದೊಡ್ಡ ಶಾಸ್ತ್ರಕೃತಿಗಳಲ್ಲೊಂದು ಗಣಿತಗ್ರಂಥವೇ ಆಗಿದೆ.

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಆರ್ಯಭಟ, ಬ್ರಹ್ಮಗುಪ್ತರ ಕೃತಿಗಳಲ್ಲಿ ಗಣಿತವು ಜ್ಯೋತಿಷದ ಅಂಗವಾಗಿ ಬರುತ್ತದೆ. ಇಲ್ಲಿ ಗಣಿತವೇ ಸ್ವತಂತ್ರ ವಿಷಯ. ಒಂಬತ್ತು ಅಧಿಕಾರಗಳ ಈ ಗ್ರಂಥವು ವಿದ್ಯಾರ್ಥಿಗಾಗಿ ಬರೆದ ಪಠ್ಯ. ಮೊದಲು ಅಳತೆ, ತೂಕ, ಸಂಖ್ಯಾನಾಮಗಳ ಪರಿಭಾಷೆ. ಬಳಿಕ ಮೂಲಕ್ರಿಯೆಗಳು, ಭಿನ್ನರಾಶಿ, ತ್ರೈರಾಶಿಕ, ಬಡ್ಡಿಯ ಲೆಕ್ಕ, ಕ್ಷೇತ್ರ, ಅಗೆತ, ನೆರಳು. ಸೂತ್ರ ಹೇಳಿದೊಡನೆ ಉದಾಹರಣೆ ಬರುತ್ತದೆ. ಬೇಸರ ಕಳೆಯಲು ಕೌತುಕವೂ ಉಂಟು: 27994681ನ್ನು 441ರಿಂದ ಗುಣಿಸಿದರೆ 12345654321 ಎಂಬ, ಎರಡು ಕಡೆಯಿಂದಲೂ ಒಂದೇ ಆಗಿ ಓದಬಹುದಾದ ಸಂಖ್ಯೆ ದೊರೆಯುತ್ತದೆ. ಇಂತಹ ಗುಣಲಬ್ಧಗಳನ್ನು ಆಚಾರ್ಯರು ಕಂಠಾಭರಣಗಳೆಂದು ಕರೆಯುತ್ತಾರೆ.

ಅವರ ಬೋಧನಕ್ರಮದ ಸೊಗಸು ಖಾತವ್ಯವಹಾರದಲ್ಲಿ ಸ್ಪಷ್ಟವಾಗಿದೆ. ಮೇಲೆ ಅಗಲವಾಗಿ ಕೆಳಗೆ ಕಿರಿದಾಗುತ್ತ ಹೋಗುವ ಚೌಕ ಕೊಳವೊಂದರ ಘನಫಲ ಬೇಕಾಗಿದೆಯೆನ್ನಿ. ಮೇಲಿನ ಬಾಹು 8, ತಳದ ಬಾಹು 2, ಆಳ 3 ಇರಲಿ. ಬಾಹುಗಳ ಸರಾಸರಿ 5ನ್ನು ವರ್ಗಿಸಿ ಆಳದಿಂದ ಗುಣಿಸಿದರೆ 75, ಇದು ಕರ್ಮಾಂತಿಕಫಲ. ಮೇಲಿನ ಮತ್ತು ತಳದ ಕ್ಷೇತ್ರಫಲಗಳ ಸರಾಸರಿ 34ನ್ನು ಆಳದಿಂದ ಗುಣಿಸಿದರೆ 102, ಇದು ಔಂಡ್ರಫಲ. ಮೊದಲನೆಯದು ಕಡಿಮೆ, ಎರಡನೆಯದು ಹೆಚ್ಚು. ಇವುಗಳ ಅಂತರವಾದ 27ರ ಮೂರನೆಯ ಒಂದು ಭಾಗವನ್ನು ಕರ್ಮಾಂತಿಕಫಲಕ್ಕೆ ಕೂಡಿಸಿದರೆ 84, ಇದೇ ಸೂಕ್ಷ್ಮಫಲ. ಇಂದಿನ ಸೂತ್ರದ ಉತ್ತರವೂ ಇದೇ. ಕೆಲಸಗಾರನ ಅಂದಾಜನ್ನು ಆಚಾರ್ಯರು ತಳ್ಳಿಹಾಕುವುದಿಲ್ಲ. ಅದನ್ನೇ ಮೆಟ್ಟಿಲಾಗಿಸಿ ಸತ್ಯಕ್ಕೆ ಏರಿಸುತ್ತಾರೆ.

ಹಂಪೆಯ ರಾಜಾಂಗಣದಲ್ಲಿ, 1980ರ ದಶಕದ ಉತ್ಖನನದಲ್ಲಿ ಬೆಳಕಿಗೆ ಬಂದ ಮೆಟ್ಟಿಲು ಪುಷ್ಕರಣಿಯೂ ಹೀಗೆಯೇ ಕೆಳಕೆಳಗೆ ಕಿರಿದಾಗುತ್ತದೆ. ಅದರ ಕಲ್ಲುಗಳ ಮೇಲೆ ಜೋಡಣೆಯ ಸ್ಥಾನ ಸೂಚಿಸುವ ಗುರುತುಗಳನ್ನು ಕೊರೆಯಲಾಗಿದೆ. ಆ ಕುಶಲಿಗಳು ಈ ಗ್ರಂಥವನ್ನು ಓದಿದ್ದರೆಂದು ನನ್ನ ವಾದವಲ್ಲ. ಕೆರೆ, ಕೊಳ, ಕಾಲುವೆಗಳನ್ನು ಅಗೆದು ಬದುಕಿದ ಈ ನಾಡಿಗೆ ಅಗೆತದ ಗಣಿತ ಬದುಕಿನ ವಿದ್ಯೆಯಾಗಿತ್ತು ಎಂಬುದಷ್ಟೇ ನನ್ನ ಮಾತು.

ಅಭಿಮಾನ ವಿವೇಕವನ್ನು ಮರೆಸಬಾರದು. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಗುರುತಿಸಿದ ಆಚಾರ್ಯರೇ, ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆಂದೂ ಹೇಳಿದ್ದಾರೆ. ಇದು ತಪ್ಪು. ತಪ್ಪನ್ನು ತಪ್ಪೆಂದು ತೋರಿಸುವುದರಿಂದ ಅವರ ಹಿರಿಮೆ ಕುಗ್ಗದು.

ಈ ಕೃತಿಯನ್ನು ಪಾವುಲೂರಿ ಮಲ್ಲನನು ತೆಲುಗಿಗೆ ತಂದನು. 12ನೆಯ ಶತಮಾನದ ಜೈನಕವಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ರಚಿಸಿದನು. 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದ ಮದ್ರಾಸಿನಲ್ಲಿ ಪ್ರಕಟವಾಯಿತು. ಗಣಿತದ ಪ್ರಾಧ್ಯಾಪಕಿ ಪದ್ಮಾವತಮ್ಮನವರ ಕನ್ನಡ ಅನುವಾದವನ್ನು 2000ದಲ್ಲಿ ಹೊಂಬುಜದ ಸಿದ್ಧಾಂತಕೀರ್ತಿ ಗ್ರಂಥಮಾಲೆ ಹೊರತಂದಿತು. ಇನ್ನು ಭಾಷೆಯ ಅಡ್ಡಿಯಿಲ್ಲ. ಹೊಸಪೇಟೆ, ಸಂಡೂರು, ಕಂಪ್ಲಿಗಳ ಅಧ್ಯಾಪಕರು ಮಕ್ಕಳನ್ನು ಹಂಪೆಗೆ ಕರೆತಂದಾಗ ಪುಷ್ಕರಣಿಯ ಅಂಚಿನಲ್ಲಿ ಒಂದು ಗಳಿಗೆ ನಿಲ್ಲಿಸಿ, ಅದರ ನೀರಿನ ಲೆಕ್ಕವನ್ನು ಮಹಾವೀರಾಚಾರ್ಯರ ಕ್ರಮದಲ್ಲಿ ಮಾಡಿಸಲಿ. ಇತಿಹಾಸ, ಗಣಿತಗಳೆರಡೂ ಅಲ್ಲಿ ಒಂದೇ ಪಾಠವಾಗುತ್ತವೆ.