ಹೊಸ ಉಸ್ತಾದರ ಪಕ್ಕದಲ್ಲಿ ಯಾರಿದ್ದಾರೆ?



ಮುಆದ್ ಬಿನ್ ಜಬಲ್ (ರ) ಅವರನ್ನು ಯಮನಿಗೆ ಕಳುಹಿಸುವಾಗ ಪ್ರವಾದಿವರ್ಯರು (ಸ) ಅವರನ್ನು ಸವಾರಿಯ ಮೇಲೆ ಕೂರಿಸಿ, ತಾವು ಪಕ್ಕದಲ್ಲಿ ನಡೆಯುತ್ತಾ ಉಪದೇಶ ನೀಡಿದರು. ಮೊದಲು ತೌಹೀದ್, ನಂತರ ನಮಾಝ್, ಬಳಿಕ ಝಕಾತ್ ಎಂದು ಕಲಿಸುವ ಕ್ರಮವನ್ನೂ ತಿಳಿಸಿದರು.

16ನೇ ಶತಮಾನದಲ್ಲಿ ಮಖ್ದೂಮರ ಪೊನ್ನಾನಿ ದರ್ಸ್ ಹೆಸರಾಯಿತು. ಅಲ್ಲಿನ ಪಳ್ಳಿಯ ದೀಪದ ಸುತ್ತ ಕುಳಿತು ಓದು ಪೂರೈಸಿದವರು 'ಮುಸ್ಲಿಯಾರ್' ಎನಿಸಿಕೊಂಡರು. ದರ್ಸ್‌ಗಳಲ್ಲಿ ಹಿರಿಯ ಮುತಅಲ್ಲಿಮರು ಕಿರಿಯರಿಗೆ ಪಾಠ ಹೇಳುವುದು ವಾಡಿಕೆ. ತಪ್ಪಿದರೆ ತಿದ್ದಲು ಉಸ್ತಾದರು ಅಲ್ಲೇ ಇರುತ್ತಿದ್ದರು. ಹೀಗೆ ಓದುತ್ತಲೇ ಅಧ್ಯಾಪಕರು ತಯಾರಾದರು.

1951ರಲ್ಲಿ ಸಮಸ್ತ ಕೇರಳ ಇಸ್ಲಾಂ ಮತ ವಿದ್ಯಾಭ್ಯಾಸ ಬೋರ್ಡ್ ಸ್ಥಾಪನೆಯಾದ ಮೇಲೆ ಮದ್ರಸಗಳಿಗೆ ತರಗತಿ, ಪಠ್ಯಪುಸ್ತಕ, ಪಬ್ಲಿಕ್ ಪರೀಕ್ಷೆ ಬಂದವು. ಊರೂರಿನಲ್ಲಿ ಒಂಟಿಯಾಗಿ ಕಲಿಸುವ ಮುಅಲ್ಲಿಮರನ್ನು ನೋಡಿ ತಿದ್ದಲು ಮುಫತ್ತಿಶರು ಬಂದರು. ಕೊಡಗಿನ ಮದ್ರಸಗಳಿಗೂ ಈ ವ್ಯವಸ್ಥೆ ತಲುಪಿತು.

ಆದರೆ ಮುಫತ್ತಿಶರು ಬರುವುದು ಎಂದೋ ಒಂದು ದಿನ. ಕಾಫಿ ತೋಟದ ನಡುವಿನ ಮದ್ರಸದಲ್ಲಿ ಮೂರು ನಾಲ್ಕು ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡ ಯುವ ಉಸ್ತಾದರಿಗೆ ಉಳಿದ ದಿನ ಯಾರು? ಗದ್ದಲವಾದರೆ ಕಮಿಟಿಗೆ ದೂರು ಹೋಗುತ್ತದೆ, ದಾರಿ ತೋರುವವರಿಲ್ಲ. ಶವ್ವಾಲಿನಲ್ಲಿ ಬಂದವರು ರಮಝಾನಿಗೆ ಮುನ್ನವೇ ಊರು ಬಿಡುತ್ತಾರೆ. ನಷ್ಟ ನಮ್ಮ ಮಕ್ಕಳಿಗೆ.

ಜಮಾಅತ್‌ಗಳು ಒಂದು ಕೆಲಸ ಮಾಡಲಿ. ಮೊದಲ ವರ್ಷ, ವಾರಕ್ಕೊಮ್ಮೆ ಪಕ್ಕದ ಮಹಲ್ಲಿನ ಅನುಭವಿ ಉಸ್ತಾದರು ಹೊಸಬರ ತರಗತಿಯಲ್ಲಿ ಕೂರಲಿ. ಹೊಸಬರೂ ಅವರ ಪಾಠ ನೋಡಲಿ. ತರಬೇತಿಗೆ ಹೋದ ದಿನದ ಸಂಬಳ ಕಡಿಯದಿರಲಿ.

ಅಲ್ಲಾಹನು ತೌಫೀಕ್ ನೀಡಲಿ, ಆಮೀನ್.